ನಾಲ್ಕು ಅಡಿಯ ಮೇಲಿನ ಮಾತು

ಅಡುಗೆ ಕಟ್ಟೆಯ ಮುಂದೆ ನಿಂತು ಹೀರೇಕಾಯಿಯ ಸಿಪ್ಪೆ ಹೆರೆಯುತ್ತಿದ್ದ ದಾಕ್ಷಾಯಿಣಿಯ ಕಿವಿಗೆ ಪಾಡ್‌ಕಾಸ್ಟಿನ ವಿಮಲಕ್ಕನ ಮಾತು ಬೀಳುತ್ತಿತ್ತು. ಅವಳ ಕಾಲ ಬಳಿಯಲ್ಲೇ ನೆಲದ ಮೇಲೆ ಬೋರಲು ಮಲಗಿದ್ದ ಮಗಳು ಚಿನ್ಮಯಿ ಕೇಳುತ್ತಿದ್ದುದು ಮಕ್ಕಳ ‘ಕಪ್ಪೆರಾಯನ ಕಚೇರಿ’. ಮೇಲೆ ವಿಮಲಕ್ಕ, "ಹಟಕ್ಕೆ ಹಟವೇ ಮದ್ದಲ್ಲ, ತಾಯಂದಿರೇ" ಎನ್ನುತ್ತಿದ್ದ ಹೊತ್ತಿಗೆ ಕೆಳಗೆ ಕಪ್ಪೆರಾಯ ವಟಗುಟ್ಟುತ್ತ ತೀರ್ಪು ಕೊಡುತ್ತಿದ್ದ. ತಾಯಿಗೆ ಕಪ್ಪೆಯ ದನಿ ಒಂದಿಷ್ಟೂ ಕೇಳದು. ಮಗಳಿಗೆ ವಿಮಲಕ್ಕ ಎಂಬವಳೊಬ್ಬಳು ಇದ್ದಾಳೆಂಬುದೇ ತಿಳಿಯದು. ಹಾಗೆಂದು ದಾಕ್ಷಾಯಿಣಿ ನಂಬಿದ್ದಳು.

ಅಡುಗೆಮನೆ, ಪಡಸಾಲೆ ಎರಡೂ ಒಂದೇ ಆಗಿದ್ದ ಆ ಹುಬ್ಬಳ್ಳಿಯ ಫ್ಲಾಟಿನ ಗೋಡೆಗೆ ರೊಟ್ಟಿಯ ಹಂಚಿನಷ್ಟು ಅಗಲದ ಬಿಳಿ ಬಿಲ್ಲೆಯೊಂದು ಅಂಟಿಕೊಂಡಿತ್ತು. ಅದರ ಹೆಸರು ‘ಇಬ್ಬನಿ’. ಹುಲ್ಲಿನ ತುದಿಯ ಇಬ್ಬನಿಯಲ್ಲ. ಎರಡು ಬನಿ, ಅಂದರೆ ಎರಡು ದನಿ. ಧಾರವಾಡದ ಧ್ವನಿವಿಜ್ಞಾನಿ ಡಾ. ಪ್ರಹ್ಲಾದ ಗಲಗಲಿಯವರ ಸೃಷ್ಟಿ. ಬಿಲ್ಲೆಯಿಂದ ಹೊರಡುವುದು ಮನುಷ್ಯರ ಕಿವಿಗೆ ಕೇಳಿಸದ ಶ್ರವಣಾತೀತ ತರಂಗಗಳು. ಅವು ಒಂದನ್ನೊಂದು ಅಡ್ಡಹಾಯುವ ಜಾಗದಲ್ಲಿ ಮಾತ್ರ ಕೇಳಿಸುವಂಥ ಶಬ್ದ ಹುಟ್ಟುತ್ತದೆ; ಅದರಾಚೆಗೆ ನಿಶ್ಶಬ್ದ. ಈ ಗುಣವನ್ನು ಹಿಡಿದು ಗಲಗಲಿಯವರು ಕೋಣೆಯ ಗಾಳಿಯನ್ನೇ ಜಮಖಾನೆ ಹಾಸಿದಂತೆ ಎರಡು ಧ್ವನಿಪದರಗಳಾಗಿ ವಿಂಗಡಿಸಿದ್ದರು. ನೆಲದಿಂದ ನಾಲ್ಕು ಅಡಿಯವರೆಗೆ ಮಕ್ಕಳ ಪದರ, ಅದರ ಮೇಲೆ ದೊಡ್ಡವರದು. ಮುಖ ಗುರುತಿಸುವ ಕ್ಯಾಮೆರಾ ಇಡಬಹುದಿತ್ತು. ಆದರೆ ಮನೆಯೊಳಗೆ ಕಣ್ಣಿಡುವ ಯಂತ್ರ ಬೇಡವೇ ಬೇಡವೆಂದು ತಾಯಂದಿರು ಕಡ್ಡಿ ಮುರಿದಂತೆ ಹೇಳಿದ್ದರು. ಕಿವಿಯ ಎತ್ತರವೊಂದೇ ಸಾಕು ಎಂದು ಗಲಗಲಿಯವರು ತೀರ್ಮಾನಿಸಿದರು. ಚಿಕ್ಕ ಮಕ್ಕಳು ನೆಟ್ಟಗೆ ನಿಂತರೂ ಅವರ ಕಿವಿ ನಾಲ್ಕು ಅಡಿ ಮುಟ್ಟುವುದಿಲ್ಲವಲ್ಲ.

ಇಬ್ಬನಿ ಬರುವ ಮುಂಚೆ ಆ ಮನೆಯ ಸಂಜೆಗಳು ಹೇಗಿದ್ದವು ಎಂದು ಕೇಳಿದರೆ ದಾಕ್ಷಾಯಿಣಿ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು. ಗಂಡ ಮಹಾಂತೇಶ ಗದಗಿನ ಕಡೆ ಗಾಳಿಯಂತ್ರಗಳ ದುರಸ್ತಿಯಲ್ಲಿದ್ದ. ರವಿವಾರಕ್ಕೊಮ್ಮೆ ಬಂದು ಉಂಡು ಮಲಗುತ್ತಿದ್ದ. ಮಿಕ್ಕ ದಿನ ಅವ್ವ, ಮಗಳು, ಇಬ್ಬರ ನಡುವೆ ಒಂದು ಸ್ಪೀಕರು. ಚಿನ್ಮಯಿಗೆ ಕಪ್ಪೆರಾಯ ಬೇಕು. ಅದರಲ್ಲೂ ಮೊಲ ಕಳ್ಳತನ ಮಾಡಿ ಸಿಕ್ಕಿಬೀಳುವ ಕಂತೇ ಬೇಕು, ಕೇಳಿದ್ದನ್ನೇ ಮತ್ತೆ ಕೇಳಬೇಕು. ದಾಕ್ಷಾಯಿಣಿಗೆ ದೊಡ್ಡವರ ಮಾತು ಯಾವುದಾದರೂ ಸರಿ, ಒಟ್ಟಿನಲ್ಲಿ ಮೊಲವೊಂದು ಇರಬಾರದು. ತಾಯಿ-ಮಕ್ಕಳು ಕೂಡಿ ಕೇಳುವಂಥ ಪಾಡ್‌ಕಾಸ್ಟುಗಳೇನೂ ಕಡಿಮೆಯಿರಲಿಲ್ಲ. ಅವಳು ಹುಡುಕಿ ಹುಡುಕಿ ಒಂದೊಂದನ್ನೂ ಹಚ್ಚಿ ನೋಡಿದಳು. ಒಂದರಲ್ಲಿ ಜೇನು ಸವರಿದಂಥ ದನಿಯವಳು, "ಈಗ ಅಮ್ಮ ಮತ್ತು ಪುಟ್ಟ ಕೈ ಹಿಡಿದು ಉಸಿರು ಎಳೆದುಕೊಳ್ಳೋಣವೇ?" ಎಂದಳು. ಒಲೆಯ ಮೇಲೆ ಹಾಲು ಉಕ್ಕಿತು. ಇನ್ನೊಂದರಲ್ಲಿ ಗ್ರಹಗಳ ಪರಿಚಯ. ಶನಿಗ್ರಹ ಬರುವಷ್ಟರಲ್ಲಿ ಮಗಳು ಸೋಫಾದ ಹಿಂದೆ ನಿದ್ದೆ ಹೋಗಿದ್ದಳು, ಉಣ್ಣದೆ. ಮೂರನೆಯದು ನೀತಿಕತೆ. ಅದನ್ನು ಕೇಳಿ ಚಿನ್ಮಯಿ, "ಅವ್ವಾ, ಆ ರಾಜ ಖರೇನ ಹುಚ್ಚ ಇದ್ನೇನು?" ಎಂದು ಊಟ ಮುಗಿಯುವ ತನಕ ಕೇಳಿದಳು.

"ನನ್ನ ತಲಿ ಕಡದ ಮಸರಾಗೈತಿ ನೋಡು. ಇನ್ನೊಂದ್ ಮಾತಾಡಿದ್ರ ಬಡಿತೇನಿ!" ಎಂದು ದಾಕ್ಷಾಯಿಣಿ ಕೂಗಿದಾಗಲೇ ಆ ಸಂಜೆ ಮುಗಿದದ್ದು. ಕಡೆದ ಮೊಸರು ಅವಳ ನಿತ್ಯದ ಮಾತು.

ಇಬ್ಬನಿ ಬಂದದ್ದೇ ತಡ, ಮನೆಗೆ ಮನೆಯೇ ತಣ್ಣಗಾಯಿತು. ದಾಕ್ಷಾಯಿಣಿ ಮೊದಲ ಸಲ ವಿಮಲಕ್ಕನನ್ನು ಕಂಡುಕೊಂಡಳು. ‘ತಾಯಂದಿರ ಪಡಸಾಲೆ’ ಎಂಬ ಆ ಕಾರ್ಯಕ್ರಮದಲ್ಲಿ ಬೇರೆ ಬೇರೆ ಊರಿನ ಹೆಂಗಸರು ತಮ್ಮ ಗೋಳನ್ನು ಹೇಳಿಕೊಳ್ಳುವರು. ವಿಮಲಕ್ಕ ಉತ್ತರ ಹೇಳುವಳು. ಉತ್ತರಕ್ಕಿಂತ ಗೋಳೇ ದಾಕ್ಷಾಯಿಣಿಗೆ ರುಚಿಸಿತು. ರಾಯಚೂರಿನಲ್ಲೊಬ್ಬ ಹುಡುಗ ಸ್ನಾನ ಮಾಡಿದೆನೆಂದು ಬರೀ ಟವೆಲ್ಲು ಒದ್ದೆ ಮಾಡಿ ತರುತ್ತಾನಂತೆ. ಕಾರವಾರದ ಹುಡುಗಿ ತರಕಾರಿಯನ್ನೆಲ್ಲ ಕಿಸೆಯಲ್ಲಿ ತುಂಬಿಕೊಂಡು ಶಾಲೆಗೆ ಹೋಗುತ್ತಾಳಂತೆ. ತನ್ನೊಬ್ಬಳ ಹಣೆಬರಹವಲ್ಲ ಇದು ಎಂದು ತಿಳಿದು ದಾಕ್ಷಾಯಿಣಿ ಸೌಟು ಹಿಡಿದು ನಿಂತಲ್ಲೇ ನಗುತ್ತಿದ್ದಳು. ಚಿನ್ಮಯಿಯೂ ಬದಲಾದಳು. ಬಟಾಣಿ ಸುಲಿದುಕೊಡುತ್ತೇನೆ, ಬೆಳ್ಳುಳ್ಳಿ ಬಿಡಿಸಿಕೊಡುತ್ತೇನೆ ಎಂದು ಕಟ್ಟೆ ಹತ್ತಿ ಅವ್ವನ ಪಕ್ಕದಲ್ಲೇ ಕೂಡತೊಡಗಿದಳು. ಮಗಳಿಗೆ ಬುದ್ಧಿ ಬಂತೆಂದು ದಾಕ್ಷಾಯಿಣಿ ಹಿಗ್ಗಿದಳು.

ಆದರೆ ಆ ಹಿಗ್ಗು ಬಹಳ ದಿನ ಉಳಿಯಲಿಲ್ಲ.

ದಾಕ್ಷಾಯಿಣಿ ಕೆಲಸ ಮಾಡುತ್ತಿದ್ದುದು ಲಿಫ್ಟುಗಳನ್ನು ನೋಡಿಕೊಳ್ಳುವ ಕಂಪನಿಯೊಂದರ ದೂರು ಕೇಂದ್ರದಲ್ಲಿ. ನಡುಮಹಡಿಯಲ್ಲಿ ಸಿಕ್ಕಿಕೊಂಡವರು ಲಿಫ್ಟಿನ ಗೋಡೆಯ ಗುಂಡಿ ಒತ್ತಿದರೆ ಅವಳ ಕಿವಿಗೆ ಬರುತ್ತಿದ್ದರು. ಬಯ್ಯುವವರು, ಅಳುವವರು, ಮೊಕದ್ದಮೆ ಹೂಡುತ್ತೇನೆನ್ನುವವರು. ಅವರೊಡನೆ ಅವಳು ಬೆಣ್ಣೆಯಂತೆ ಮಾತಾಡುತ್ತಿದ್ದಳು: "ಹೆದರಬ್ಯಾಡ್ರಿ, ನಾ ಇಲ್ಲೇ ಇದ್ದೇನ್ರಿ." ಸಂಜೆಗೆ ಆ ಬೆಣ್ಣೆಯೆಲ್ಲ ಖರ್ಚಾಗಿ ಮನೆಗೆ ಬರೀ ಬಿಸಿ ಬಾಣಲೆ ಬರುತ್ತಿತ್ತು. ಒಂದು ಮಧ್ಯಾಹ್ನ ಊಟದ ವೇಳೆಯಲ್ಲಿ ಅವಳು ಧೈರ್ಯ ಮಾಡಿ ಫೋನಿನಲ್ಲಿ ತನ್ನ ಗೋಳನ್ನೂ ಹೇಳಿ ವಿಮಲಕ್ಕನಿಗೆ ಕಳಿಸಿದಳು. ಗುರುತು ಸಿಗದಂತೆ ದನಿ ಬದಲಿಸಿ ಕೇಳಿಸುತ್ತೇವೆಂದು ಅವರೇ ಹೇಳಿದ್ದರು. ಕಳಿಸಿ, ನಾಚಿ, ಮರೆತುಬಿಟ್ಟಳು.

ಅತ್ತ ವಿಮಲಕ್ಕನ ಉಪಾಯಗಳು ಒಂದೊಂದಾಗಿ ನೆಲಕಚ್ಚತೊಡಗಿದವು. ಮಗುವಿಗೆ ಆಜ್ಞೆ ಮಾಡಬೇಡಿ, ಎರಡು ಆಯ್ಕೆ ಕೊಡಿ ಎಂದಿದ್ದಳು ವಿಮಲಕ್ಕ.

"ಚಿಮ್ಮೀ, ಮೊದಲ ಜಳಕಾ ಮಾಡ್ತಿಯೋ, ಹೋಂವರ್ಕ್ ಮಾಡ್ತಿಯೋ?"

"ಎರಡು ಕೊಟ್ಟು ಒಂದು ಆರಿಸು ಅನ್ನೋದು ಬ್ಯಾಡವ್ವಾ," ಎಂದಳು ಚಿನ್ಮಯಿ, ತಲೆ ಎತ್ತದೆ. "ಮೂರನೇದು ಏನೈತಿ ಹೇಳು."

ಸಿಟ್ಟು ಬಂದಾಗ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ ಎಂದಿದ್ದಳು. ದಾಕ್ಷಾಯಿಣಿ ಕಣ್ಣು ಮುಚ್ಚಿ ಎಣಿಸುತ್ತಿರುವಾಗ, "ಏಳಾತೇನು? ಎಂಟಕ್ಕ ನೀ ಯಾವಾಗ್ಲೂ ಬಿಡ್ತಿ" ಎಂಬ ಮಾತು ಕೇಳಿತು. ಮಗು ಒಳ್ಳೆಯದು ಮಾಡಿದಾಗ ಬಿಡಿಸಿ ಹೊಗಳಿ ಎಂಬ ಉಪದೇಶದಂತೆ, "ತಾಟು ನೀನ ಎತ್ತಿಟ್ಟೆಲ್ಲಾ, ನಂಗ ಭಾಳ ಹಗುರಾತು" ಎಂದರೆ, "ಇನ್ನ ನಾಳೆ ಲೋಟಾನೂ ಎತ್ತಿಡ್ಲಿ ಅಂತ ಹೊಗಳಾಕತ್ತಿ" ಎಂದು ಹುಡುಗಿ ನಕ್ಕಳು. ದಾಕ್ಷಾಯಿಣಿ ತಾಟನ್ನು ಸಿಂಕಿಗೆ ಎಸೆದಳು.

ಮೇಲಿನ ಮಾತು ಕೆಳಗೆ ಸೋರುತ್ತಿದೆ. ಬೇರೆ ಏನೂ ಇರಲಾರದು. ಅವಳು ಕಂಪನಿಗೆ ಫೋನು ಮಾಡಿದಳು. ಅಲ್ಲಿನ ಹುಡುಗಿ ಬೆಣ್ಣೆಯಂಥ ದನಿಯಲ್ಲಿ, "ಹೆದರಬೇಡಿ ಮೇಡಂ, ನಾವಿದ್ದೇವೆ" ಎಂದಾಗ ದಾಕ್ಷಾಯಿಣಿಗೆ ಮೈಯೆಲ್ಲ ಉರಿಯಿತು. ತನ್ನ ಕೇಂದ್ರಕ್ಕೆ ಫೋನು ಮಾಡುವವರಿಗೆ ಹೇಗಾಗುತ್ತದೆಂದು ಅಂದು ತಿಳಿಯಿತು. ಅವಳು ಬಿಡದೆ ದಿನಾ ಫೋನು ಮಾಡಿದಳು. ಕೊನೆಗೆ ಡಾ. ಗಲಗಲಿಯವರೇ ಬಂದರು. ಇಬ್ಬನಿ ಸೋರುತ್ತದೆಂಬ ಆರೋಪವನ್ನು ಅವರು ಸ್ವಂತ ಮಾನದ ಪ್ರಶ್ನೆ ಮಾಡಿಕೊಂಡಿದ್ದರು.

ಸಣಕಲು ಮೈಯ, ಇಸ್ತ್ರಿ ಮುರಿಯದ ಅಂಗಿಯ ಮನುಷ್ಯ. ಕೈಯಲ್ಲಿ ಒಂದು ಉದ್ದನೆಯ ಕೋಲು, ಅದರ ತುದಿಗೆ ರಬ್ಬರಿನ ಕೃತಕ ಕಿವಿ.

"ಸೋರಿಕಿ ಅನ್ನೋದು ಸಾಧ್ಯನೇ ಇಲ್ರಿ ಅಕ್ಕಾರ," ಎಂದರು ಚಪ್ಪಲಿ ಬಿಡುತ್ತಲೇ. "ಇದೇನು ನಳ ಅಲ್ಲ. ಭೌತಶಾಸ್ತ್ರ ಅದ."

"ನಳಾ ಆಗಿದ್ರ ಛಲೋ ಇತ್ರಿ. ಕೆಳಗ ಒಂದ್ ಬಕೆಟ್ಟರ ಇಡ್ತಿದ್ದೆ."

ಗಲಗಲಿಯವರಿಗೆ ನಗು ಬರಲಿಲ್ಲ. ಅವರು ಇಬ್ಬನಿಯನ್ನು ಹಚ್ಚಿ, ಕೋಲಿನ ಕಿವಿಯನ್ನು ಏರಿಸುತ್ತ ಇಳಿಸುತ್ತ ಮೂಲೆಮೂಲೆಯಲ್ಲಿ ಅಳೆದರು. ಬಾಗಿಲ ಹಿಂದೆ, ಫ್ರಿಜ್ಜಿನ ಪಕ್ಕ, ಮೇಜಿನ ಅಡಿಗೆ. ಎಲ್ಲೆಡೆಯೂ ನಾಲ್ಕು ಅಡಿಗೆ ಕತ್ತರಿಸಿದಂತೆ ಒಂದು ದನಿ ನಿಂತು ಇನ್ನೊಂದು ಸುರುವಾಗುತ್ತಿತ್ತು.

"ನೋಡ್ರಿ. ಕೂದಲಷ್ಟೂ ಫರಕಿಲ್ಲ."

"ಹಂಗಾರ ನನ್ನ ಮಗಳಿಗೆ ಹೆಂಗ್ ಗೊತ್ತಾಗ್ತೈತ್ರಿ?"

"ಮಕ್ಕಳು ಚುರುಕಿರತಾವ. ತಾಯಿ ಮುಖಾ ನೋಡಿ ಊಹಾ ಮಾಡತಾವ."

"ನನ್ನ ಮುಖದಾಗ ‘ಎರಡು ಆಯ್ಕೆ’ ಅಂತ ಬರದೈತೇನ್ರಿ? ನಿಮಗ ಮಕ್ಕಳು ಅದಾರೇನು?"

"ಇಲ್ರಿ. ಮನ್ಯಾಗ ನಾನು, ನಮ್ಮ ತಂಗಿ ಇಬ್ಬರೇ. ಯಾಕ?"

"ಸುಮ್ನ ಕೇಳ್ದೆ," ಎಂದು ದಾಕ್ಷಾಯಿಣಿ ನಿಟ್ಟುಸಿರು ಬಿಟ್ಟಳು.

ಯಂತ್ರದ ಕಿವಿಗೆ ತಿಳಿಯದ್ದು ಮನುಷ್ಯರ ಕಿವಿಗೆ ತಿಳಿದೀತೆಂದು ಗಲಗಲಿಯವರಿಗೆ ಹೊಳೆಯಿತು. "ನೀವ ನೆಲದ ಮ್ಯಾಲ ಕೂತು ಕೇಳ್ರಿ. ಮ್ಯಾಲಿನ ಮಾತು ಒಂದ ಒಂದು ಅಕ್ಷರ ಕೇಳಿಸಿದ್ರ ಹೇಳ್ರಿ, ನಾ ಈ ಯಂತ್ರ ಸುಟ್ಟು ಹಾಕ್ತೀನಿ. ಪುಟ್ಟಿ, ನೀ ಅಡ್ಡ ಬರಬ್ಯಾಡವಾ, ಒಂದ್ ಕಡೆ ಕೂಡು."

ಚಿನ್ಮಯಿ ಒಂದು ಕಡೆ ಕೂತಳು. ಬಟಾಣಿಯ ಬುಟ್ಟಿ ಎತ್ತಿಕೊಂಡು, ಕಾಲೂರಿ, ಒಂದೇ ಜಿಗಿತಕ್ಕೆ ಅಡುಗೆ ಕಟ್ಟೆಯ ಮೇಲೆ. ಹಿರಿಯರಿಬ್ಬರೂ ಅದನ್ನು ನೋಡಿದರು, ನೋಡಿಯೂ ಏನನ್ನೂ ಕಾಣಲಿಲ್ಲ. ಗಲಗಲಿಯವರು ಮೊಣಕಾಲೂರಿ ಬಿಲ್ಲೆಯ ಕೆಳಗಿನ ತಂತಿ ಪರೀಕ್ಷಿಸುತ್ತಿದ್ದರು. ದಾಕ್ಷಾಯಿಣಿ ಸೀರೆ ಒಟ್ಟುಮಾಡಿಕೊಂಡು ಗೊಣಗುತ್ತ ನೆಲಕ್ಕೆ ಕೂತಳು.

ಇಬ್ಬನಿ ಬಂದ ಮೇಲೆ ಅವಳು ಒಮ್ಮೆಯೂ ಕೆಳಗಿನ ಪದರಕ್ಕೆ ಇಳಿದಿರಲಿಲ್ಲ. ಕಪ್ಪೆರಾಯನ ಕಚೇರಿ ನಡೆದಿತ್ತು. ಇಲಿಮರಿಯೊಂದು ತಾಯಿಯ ಮೇಲೆ ದೂರು ತಂದಿತ್ತು: ಒಳ್ಳೆಯ ಶೇಂಗಾ ಇದ್ದರೆ ಅವ್ವ ಬಂದುಹೋಗುವವರಿಗೆ ಎತ್ತಿಡುತ್ತಾಳೆ, ನನಗೆ ಜೊಳ್ಳು ಕೊಡುತ್ತಾಳೆ. ಕಪ್ಪೆರಾಯ ಕೆರೆಯ ನೀರು ಮುಕ್ಕಳಿಸಿ ಗಂಟಲು ಸರಿಮಾಡಿಕೊಂಡು, "ನಾಳೆಯಿಂದ ಈ ಮರಿ ಮುಂಬಾಗಿಲಿನಿಂದ ಬೀಗರಂತೆ ಬರತಕ್ಕದ್ದು. ತಾಯಿ ಕಾಲಿಗೆ ನೀರು ಕೊಡತಕ್ಕದ್ದು!" ಎಂದು ತೀರ್ಪಿತ್ತ. ಇಲಿಯವ್ವ ಕಕ್ಕಾಬಿಕ್ಕಿಯಾಗಿ, "ಬರುವಾಗ ಹಣ್ಣು ತರುತ್ತಾನೇನ್ರಿ ಬೀಗ?" ಎಂದಿತು. ದಾಕ್ಷಾಯಿಣಿ ತಡೆಯಲಾರದೆ ಗೊಳ್ಳೆಂದು ನಕ್ಕಳು. ಇಷ್ಟು ಚೆನ್ನಾಗಿದೆಯೇ ಇದು? ಸುಮ್ಮನೆ ಮೊಲವನ್ನು ಬೈದೆನಲ್ಲ. ನಗುತ್ತಲೇ ಮಗಳ ಕಡೆ ಕತ್ತೆತ್ತಿದಳು.

ಮಗಳು ನಗುತ್ತಿರಲಿಲ್ಲ. ಬಟಾಣಿಕಾಯಿ ಅರ್ಧ ಬಿರಿದು ಅವಳ ಬೆರಳಲ್ಲಿ ಹಾಗೇ ನಿಂತಿತ್ತು. ಕಣ್ಣು ಗೋಡೆಯ ಬಿಲ್ಲೆಯ ಮೇಲಿತ್ತು. ಕೆಳತುಟಿ ಒಳಗೆ ಹೋಗಿತ್ತು. ಅದು ಯಾವಾಗ ಹಾಗೆ ಹೋಗುತ್ತದೆಂದು ದಾಕ್ಷಾಯಿಣಿಗೆ ಗೊತ್ತು.

"ಏನಾತು ಚಿಮ್ಮಿ?" ಎಂದು ಅವಳು ಎದ್ದು ನಿಂತಳು. ಕಪ್ಪೆರಾಯನ ದನಿ ತಟ್ಟನೆ ಕೆಳಗುಳಿಯಿತು. ಹಂಡೆಯೊಳಗಿಂದ ಬಂದಂತಿದ್ದ ದಪ್ಪ ಗಂಡುದನಿಯೊಂದು ಕಿವಿಗೆ ಬಡಿಯಿತು:

"...ಚಪ್ಪಲಿ ಬಿಡದ ಬಾಗಲ ಮುಂದ ನಿಂತಿರ್ತೇನ್ರಿ. ಒಳಗ ಮಗಳದಾಳ ಅಂತ ಗೊತ್ತೈತಿ. ಆದ್ರೂ ಒಳಗ ಹೋಗಾಕ ಮನಸ್ಸಾಗೂದಿಲ್ರಿ. ದಿನಾ ಮಂದಿ ಜೋಡಿ ಛಂದಂಗ ಮಾತಾಡಿ, ಆಕಿ ಮುಂದ ಬಾಯಿ ಮಾಡ್ತೇನಿ. ನನ್ನ ತಲಿ ಕಡದ ಮಸರಾಗಿರ್ತೈತಿ. ನಾ ಕೆಟ್ಟ ತಾಯಿ ಏನ್ರಿ?"

ದನಿ ಯಾರದಾದರೇನು, ಮೊಸರು ಯಾರದೆಂದು ಕಟ್ಟೆಯ ಮೇಲಿನ ಹುಡುಗಿಗೆ ತಿಳಿದುಹೋಗಿತ್ತು.

ದಾಕ್ಷಾಯಿಣಿ ಗೋಡೆಯ ಕಡೆ ನುಗ್ಗಿದಳು. "ಮುಟ್ಟಬ್ಯಾಡ್ರಿ, ಅಳತಿ ನಡದದ!" ಎಂದು ಗಲಗಲಿಯವರು ಕೂಗುವಷ್ಟರಲ್ಲಿ ಬಿಲ್ಲೆ ಸುಣ್ಣದ ಸಮೇತ ಕಿತ್ತು ಅವಳ ಕೈಗೆ ಬಂದಿತ್ತು. ವಿಜ್ಞಾನಿ ನೆಲದಿಂದ ಅವಳನ್ನು ನೋಡಿದರು, ಕಟ್ಟೆಯ ಮೇಲಿನ ಹುಡುಗಿಯನ್ನು ನೋಡಿದರು, ಹುಡುಗಿಯ ಕಿವಿ ಇದ್ದ ಎತ್ತರವನ್ನು ಕೋಲಿನಿಂದ ಅಳೆಯಲು ಹೊರಟು ಅರ್ಧಕ್ಕೆ ಬಿಟ್ಟರು.

"ಓಹೋ," ಎಂದರು ಸಣ್ಣಗೆ. "ಹತ್ತಿ ಕೂಡತದ."

ಆ ಸಂಜೆ ಚಿನ್ಮಯಿ ಯಾರೂ ಹೇಳದೆ ಜಳಕ ಮಾಡಿದಳು. ರೊಟ್ಟಿಯನ್ನು ಅಂಚಿನ ಸಮೇತ ತಿಂದಳು, ಹೀರೇಕಾಯಿ ಪಲ್ಯವನ್ನೂ ತಿಂದಳು. ಮರುದಿನ ಶಾಲೆಯಿಂದ ಬಂದು ಚೀಲವನ್ನು ಗೂಟಕ್ಕೆ ತೂಗುಹಾಕಿದಳು. "ಅವ್ವಾ, ನೀರು ಬೇಕೇನು?" ಎಂದು ಕೇಳಿದಳು. ಅದರ ಮರುದಿನವೂ ಹಾಗೆಯೇ. ದಾಕ್ಷಾಯಿಣಿ ಎಷ್ಟೋ ವರ್ಷದಿಂದ ಕೂಗಾಡಿ ಬೇಡಿದ್ದೆಲ್ಲ ಪುಕ್ಕಟೆ ಸಿಕ್ಕಿತ್ತು, ಆದರೆ ಅವಳಿಗೆ ಅದು ಹಿತವೆನಿಸಲಿಲ್ಲ. ಮನೆಯಲ್ಲಿ ಬೀಗರ ಹುಡುಗಿಯೊಬ್ಬಳು ಬಂದು ಇಳಿದುಕೊಂಡ ಹಾಗೆ. ನಿನ್ನ ವಿಷಯ ಅಲ್ಲ ಅದು ಎಂದು ಸುಳ್ಳು ಹೇಳಲು ಹೋದಳು. ಹುಡುಗಿ ಮರ್ಯಾದೆಯಿಂದ ತಲೆಯಾಡಿಸಿದಳು. ಆ ಮರ್ಯಾದೆಗೆ ದಾಕ್ಷಾಯಿಣಿಯ ಪಿತ್ತ ನೆತ್ತಿಗೇರಿತು.

"ಯಾಕ ಹಿಂಗ್ ಮಾಡಾಕತ್ತಿ? ಜಗಳಾನರ ಮಾಡಬಾರದೇನ?"

"ಮಾಡೂದಿಲ್ಲ," ಎಂದಳು ಚಿನ್ಮಯಿ. "ನಿಂಗ ಒಳಗ ಬರಾಕ ಮನಸ್ಸಾಗ್ಲಿ ಅಂತ."

ದಾಕ್ಷಾಯಿಣಿ ಕಣ್ಣು ಮುಚ್ಚಿ ಎಣಿಸಿದಳು. ಈ ಸಲ ಎಂಟಕ್ಕೆ ಬಿಡಲಿಲ್ಲ, ಹತ್ತನ್ನೂ ದಾಟಿದಳು.

ಮರುದಿನ ಅವಳ ಕಿವಿಗೆ ಬಂದವರಲ್ಲಿ ಒಬ್ಬ ಮದುವೆಗೆ ಹೊರಟ ಗಂಡು, ಹೂವಿನ ಹಾರದ ಸಮೇತ ಲಿಫ್ಟಿನಲ್ಲಿ ಸಿಕ್ಕಿದ್ದ; ಅವನ ಸೋದರಮಾವ ಹೊರಗಿನಿಂದ ಅವಳ ಏಳು ತಲೆಮಾರನ್ನು ಬಯ್ದ. ಸಂಜೆ ಅವಳು ಮೆಟ್ಟಿಲು ಹತ್ತಿ ಬಂದು ಎಂದಿನಂತೆ ಬಾಗಿಲ ಮುಂದೆ ನಿಂತಳು. ನಿಲ್ಲಬಾರದೆಂದುಕೊಂಡೇ ಬಂದಿದ್ದಳು, ಕಾಲು ಕೇಳಲಿಲ್ಲ. ಸೋದರಮಾವ ಇನ್ನೂ ತಲೆಯೊಳಗೆ ಬಯ್ಯುತ್ತಿದ್ದ. ಬಾಗಿಲು ತಾನಾಗಿ ತೆರೆಯಿತು. ಚಿನ್ಮಯಿ ಅವ್ವನನ್ನು ಮೇಲಿಂದ ಕೆಳಗೆ ನೋಡಿದಳು, ಕಾಲಲ್ಲಿದ್ದ ಚಪ್ಪಲಿಯನ್ನು ನೋಡಿದಳು.

"ಈಗೂ ಮನಸ್ಸಿಲ್ಲೇನು?"

"ಇಲ್ಲ," ಎಂದುಬಿಟ್ಟಳು ದಾಕ್ಷಾಯಿಣಿ. ಸುಳ್ಳು ಹೇಳುವ ತ್ರಾಣವೂ ಉಳಿದಿರಲಿಲ್ಲ. "ನಿನ್ನ ಸಂಬಂಧ ಅಲ್ಲ ಚಿಮ್ಮಿ. ಮಂದಿ ಎಲ್ಲಾರೂ ನನ್ನ ತಲಿಯಾಗ ಕುಂತು ಒದರಾಕತ್ತಾರ. ಒಳಗ ಬಂದ್ರ ಅವರನ್ನೂ ಕರಕೊಂಡ ಬಂದಂಗಾಗ್ತೈತಿ. ಅವರು ಹೋಗ್ಲಿ ಅಂತ ನಿಂದ್ರತೇನಿ."

ಚಿನ್ಮಯಿ ಇದನ್ನು ಸ್ವಲ್ಪ ಯೋಚಿಸಿದಳು. "ಅದನ್ನ ಯಾಕ ವಿಮಲಕ್ಕಗ ಹೇಳಿದಿ? ನಂಗ ಹೇಳಬೇಕಿಲ್ಲೋ?"

"ಆಕಿ ಏನರ ಉಪಾಯ ಹೇಳ್ತಾಳ ಅಂತ."

"ಏನೂ ಹೇಳಲಿಲ್ಲ. ನೀ ಕಿತ್ತ ಮ್ಯಾಲ ಉಳಿದ ಮಾತು ನಾ ಶಾಲಿ ಗೆಳತಿ ಮನ್ಯಾಗ ಕೇಳಿದೆ. ಬೆಚ್ಚಗಿನ ನೀರಾಗ ಕಾಲಿಡ್ರಿ, ಹಿತವಾದ ಸಂಗೀತ ಕೇಳ್ರಿ ಅಂದ್ಳು."

"ಅಷ್ಟನ?"

"ಅಷ್ಟ. ಆಕಿಗೇನು ಗೊತ್ತು."

ದಾಕ್ಷಾಯಿಣಿಗೆ ನಗುವೋ ಅಳುವೋ ತಿಳಿಯಲಿಲ್ಲ. ಇಷ್ಟು ದಿನ ಇದೇ ವಿಮಲಕ್ಕನನ್ನು ದೇವರೆಂದು ನಂಬಿದ್ದೆನಲ್ಲ! ಅಷ್ಟರಲ್ಲಿ ಚಿನ್ಮಯಿ ತನ್ನ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದು, ಬಾಗಿಲು ಎಳೆದುಕೊಂಡು, ಮೇಲಕ್ಕೆ ಹೋಗುವ ಮೆಟ್ಟಿಲ ಮೇಲೆ ಕೂತಳು. ಪಕ್ಕದ ಜಾಗವನ್ನು ಕೈಯಿಂದ ತಟ್ಟಿದಳು.

ಗಲಗಲಿಯವರ ಫೋನು ಬಂದದ್ದು ಸುಮಾರು ಎರಡು ತಿಂಗಳ ನಂತರ, ಅಂಥದೇ ಒಂದು ಸಂಜೆ, ಅವರಿಬ್ಬರೂ ಮೆಟ್ಟಿಲ ಮೇಲಿದ್ದಾಗ. ಅವರ ದನಿ ಕಳೆಗುಂದಿತ್ತು. ದಾಕ್ಷಾಯಿಣಿಯ ಮನೆಯಿಂದ ಹೋದ ಮೇಲೆ ಅವರು ಊರೂರಿನ ಮನೆಗಳಲ್ಲಿ ವಿಚಾರಿಸಿದ್ದರು. ಎಲ್ಲ ಕಡೆಯೂ ಅದೇ ಕತೆ. ಕುರ್ಚಿಯ ಬೆನ್ನಿನ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ಅಜ್ಜನ ಹೆಗಲ ಮೇಲೆ, ಬೀಸುವ ಕಲ್ಲಿನ ಮೇಲೆ ನಾಡಿನ ಮಕ್ಕಳೆಲ್ಲ ಹತ್ತಿ ಕೂತು ತಾಯಂದಿರ ಗೋಳು ಕೇಳುತ್ತಿದ್ದವು. ಅವರು ಹಗಲಿರುಳು ದುಡಿದು ಹೊಸ ಬಿಲ್ಲೆ ಮಾಡಿದ್ದರು. ಇದರಲ್ಲಿ ಎಷ್ಟು ಎತ್ತರ ಹತ್ತಿದರೂ ಮಗುವಿಗೆ ಮೇಲಿನ ಮಾತು ಕೇಳದು.

"ಆದ್ರ ಒಬ್ಬರೂ ತಗೋವಲ್ರು ಅಕ್ಕಾರ! ಹಳೇದೇ ಇರಲಿ ಅಂತಾರ. ಮೊದಲ ಬೇಕು ಅಂದವರೂ ಅವರ, ಈಗ ಬ್ಯಾಡ ಅನ್ನವರೂ ಅವರ. ಏನ್ ಮಂದೀರಿ ಇದು? ನಿಮಗರ ಒಂದು ಪುಕ್ಕಟೆ ಕಳಸ್ಲೇನು?"

"ಬ್ಯಾಡ್ರಿ," ಎಂದಳು ದಾಕ್ಷಾಯಿಣಿ. "ಹಳೇದನ್ನ ಗ್ವಾಡಿಗೆ ಅಂಟಿಸಿ ಕೊಡ್ರಿ, ಸಾಕು. ಕಪ್ಪೆರಾಯನ್ನ ಕೇಳದ ಭಾಳ ದಿನಾ ಆತು."

"ಕಪ್ಪೆರಾಯ ಮಕ್ಕಳದಲ್ಲೇನ್ರಿ?"

"ಹೌದ್ರಿ. ನೆಲದ ಮ್ಯಾಲ ಕೂಡ್ತೇನಿ."

ಫೋನಿನಾಚೆಯ ಭೌತಶಾಸ್ತ್ರ ‘ಆತ್ರಿ’ ಎಂದು ಒಪ್ಪಿಕೊಂಡಿತು.

ಚಿನ್ಮಯಿ ಅಷ್ಟೂ ಹೊತ್ತು ಬಾಯಿ ಬಿಗಿಹಿಡಿದು ಕಾದಿದ್ದಳು. ಫೋನು ಇಟ್ಟದ್ದೇ ಶಾಲೆಯಲ್ಲಿ ಯಾರು ಯಾರ ಪೆನ್ಸಿಲು ಕಚ್ಚಿದರು, ಯಾಕೆ ಕಚ್ಚಿದರು, ಆಮೇಲೆ ಮಾಸ್ತರು ಏನೆಂದರು ಎಂಬುದನ್ನು ಉಸಿರು ಬಿಡದೆ ಸುರುಮಾಡಿದಳು. ಆ ಕತೆಗೆ ತಲೆಯಿರಲಿಲ್ಲ, ಬುಡವಿರಲಿಲ್ಲ. "ಮುಗೀತೇನ ನಿಂದು?" ಎಂದು ದಾಕ್ಷಾಯಿಣಿ ನಡುವೆ ಎರಡು ಸಲ ಕೇಳಿದಳು. ಮುಗಿದಿರಲಿಲ್ಲ. ಅವಳು ಗೋಡೆಗೆ ಒರಗಿ ಚಪ್ಪಲಿಯ ಪಟ್ಟಿಯನ್ನು ಸಡಿಲ ಮಾಡಿಕೊಂಡಳು.

ಮೇಲಿನ ಮನೆಯ ಬಸಲಿಂಗಮ್ಮ ತರಕಾರಿ ಚೀಲ ಹಿಡಿದು ಏದುತ್ತ ಹತ್ತಿ ಬಂದರು. ಮೆಟ್ಟಿಲ ತುಂಬ ಕೂತಿದ್ದ ಅವ್ವ-ಮಗಳನ್ನು ಕಂಡು ನಿಂತರು.

"ಏನವಾ, ಹೊರಗ ಕುಂತೀರಿ? ಕೀಲಿ ಕಳಕೊಂಡ್ರೇನು?"

"ಇಲ್ರಿ ಆಯಿ," ಎಂದಳು ಚಿನ್ಮಯಿ, ಅವರಿಗೆ ದಾರಿ ಬಿಡಲು ಅವ್ವನಿಗೆ ಇನ್ನಷ್ಟು ಆತು ಕೂಡುತ್ತ. "ನಮ್ಮವ್ವ ಇನ್ನೂ ಮನಿಗೆ ಬಂದಿಲ್ರಿ. ಬರಾಕತ್ತಾಳ."